ಫೈಲಕಾದಲ್ಲಿ ಮರುವಾಯಿ ಅಗೆದದ್ದು

ಮೊನ್ನೆ ತಂಗಿಯ ಮಗಳು ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದಳು. ಗಂಡನ ಜೊತೆ ಮೆಡಿಟರೇನಿಯನ್ ಕಡಲಿನ ಯಾವುದೋ ತೀರಕ್ಕೆ ಹೋಗಿದ್ದಾಳೆ. ನೀಲಿ ನೀರು, ದಂಡೆಯಲ್ಲಿ ಮುರಿದ ಕಂಬಗಳು, ಮಾಡಿಲ್ಲದ ಗೋಡೆಗಳು, ಸುತ್ತ ಬೇಲಿ, ಏನನ್ನೂ ಮುಟ್ಟಬಾರದೆಂಬ ಫಲಕ. ರೋಮನ್ನರ ಕಾಲದ ಊರಂತೆ. ಕೆಳಗೆ ‘ದೊಡ್ಡಮ್ಮ, ನೀವು ಇಂಥದ್ದೆಲ್ಲ ನೋಡಿದ್ದೀರಾ?’ ಎಂದು ಕೇಳಿದ್ದಳು.

ನೋಡಿದ್ದೇನೆ ಎಂದು ಬರೆದೆ. ರೋಮನ್ನರದ್ದಲ್ಲ, ಗ್ರೀಕರದ್ದು, ಮೆಡಿಟರೇನಿಯನ್ನಿನಲ್ಲಲ್ಲ, ಕುವೈತಿನಲ್ಲಿ. ಆದರೆ ಆ ಜಾಗವನ್ನು ನೋಡಿದ್ದಕ್ಕಿಂತ ಅಗೆದದ್ದೇ ಹೆಚ್ಚು, ಅದೂ ಊಟದ ಚಮಚದಲ್ಲಿ, ಎಂಬುದನ್ನು ಅಷ್ಟು ಸಣ್ಣ ಪರದೆಯ ಮೇಲೆ ಬರೆಯುವುದು ಹೇಗೆ? ನಿಮಗೆ ಪುರುಸೊತ್ತಿದ್ದರೆ ನಿಮಗೇ ಹೇಳಿಬಿಡುತ್ತೇನೆ.

ಅದು ತೊಂಬತ್ತನೆಯ ಇಸವಿ. ನಾನು ಕುವೈತ್ ನಗರದ ಮಿರ್ಕಾಬಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಸಾಲ್ಮಿಯಾದಲ್ಲಿ ನಮ್ಮ ಕಡೆಯ ಒಂದು ಸಂಸಾರದವರ ಫ್ಲಾಟಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಟೈಪಿಂಗಿನಲ್ಲಿ ವೇಗ ಇತ್ತು, ಲೋಕಜ್ಞಾನ ಅಷ್ಟಕ್ಕಷ್ಟೆ. ಆದರೂ ನಾಲ್ಕು ಇಂಗ್ಲಿಷ್ ಪತ್ರ ಹೊಡೆದವಳಿಗೆ ಇರುವ ಜಂಬವೆಲ್ಲ ನನಗೂ ಇತ್ತು.

ಗಿರಿಜಕ್ಕ ಸಿಕ್ಕಿದ್ದು ಮೀನಿನ ಅಂಗಡಿಯ ಮುಂದೆ. ಯಾರೋ ಹೆಂಗಸು ಮೀನಿನ ಕಿವಿರು ಎತ್ತಿ ನೋಡುತ್ತಾ, ಇದು ಸತ್ತು ಎಷ್ಟು ದಿನವಾಯಿತೋ ಎಂದು ತುಳುವಿನಲ್ಲಿ ಗೊಣಗುತ್ತಿದ್ದಳು. ಪರದೇಶದಲ್ಲಿ ಮನೆಮಾತು ಕಿವಿಗೆ ಬಿದ್ದರೆ ಏನಾಗುತ್ತದೆಂದು ಹೋದವರಿಗೆ ಗೊತ್ತು. ನಾನು ಹೋಗಿ ಅವಳ ಕೈಯನ್ನೇ ಹಿಡಿದುಕೊಂಡೆ. ಕೈ ತುಂಬ ಮೀನಿನ ವಾಸನೆ. ಅವಳು ಕಾಪುವಿನ ಹತ್ತಿರದವಳು, ಸಲ್ವಾದ ಒಂದು ಕುವೈತಿ ಮನೆಯಲ್ಲಿ ಅಡುಗೆಯವಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು ಉಡುಪಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಅದು ಮುಗಿಯಲು ಇನ್ನೂ ಎರಡು ವರ್ಷ ಬೇಕಿತ್ತು. ಗಿರಿಜಕ್ಕನ ಎಲ್ಲ ಮಾತೂ ಸುತ್ತಿ ಬಳಸಿ ಆ ಎರಡು ವರ್ಷಕ್ಕೇ ಬಂದು ನಿಲ್ಲುತ್ತಿತ್ತು.

ಅವಳ ಮೇಡಂ ಕೆಟ್ಟವರಲ್ಲ, ಆದರೆ ಕಟ್ಟುನಿಟ್ಟು. ಹಿಂದಿನ ಅಡುಗೆಯವಳು ಒಂದು ಶುಕ್ರವಾರ ಹೊರಗೆ ಹೋದವಳು ತಡವಾಗಿ ಬಂದಳೆಂದು ಅದೇ ವಾರ ವಿಮಾನ ಹತ್ತಿಸಿದ್ದರು. ಹಾಗಾಗಿ ಗಿರಿಜಕ್ಕ ರಜೆಯನ್ನೇ ಕೇಳುತ್ತಿರಲಿಲ್ಲ. ಕೇಳಿದ್ದು ನಾನು. ಫೈಲಕಾ ದ್ವೀಪದಲ್ಲಿ ಅಲೆಕ್ಸಾಂಡರನ ಕಡೆಯವರು ಕಟ್ಟಿದ ಗುಡಿ ಇದೆಯೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಅದನ್ನು ನೋಡಿ ಬಂದು ಮತ್ತೊಬ್ಬರಿಗೆ ಹೇಳುವ ಚಪಲ ನನಗೆ. ಗಿರಿಜಕ್ಕನಿಗೆ ಒಮ್ಮೆ ದೋಣಿಯಲ್ಲಿ ಕೂರಬೇಕು ಎಂಬುದಷ್ಟೇ ಆಸೆ. ನನ್ನ ಒಳ್ಳೆಯ ಸೀರೆಯುಟ್ಟು ಸಲ್ವಾಕ್ಕೆ ಹೋಗಿ ಮೇಡಂ ಮುಂದೆ ನಿಂತೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಸಂಜೆಯ ಮಗ್ರಿಬ್ ಬಾಂಗಿನ ಮೊದಲು ಇವಳು ಮನೆಯಲ್ಲಿರಬೇಕು. ಇಲ್ಲದಿದ್ದರೆ ಖಲಾಸ್’ ಎಂದರು. ನಾನು ದೊಡ್ಡ ಜವಾಬ್ದಾರಿಯವಳ ಹಾಗೆ ತಲೆಯಾಡಿಸಿದೆ.

ಚಳಿ ಬಿಟ್ಟು ಬಿಸಿಲು ಇನ್ನೂ ಏರದಿದ್ದ ದಿನಗಳು. ಸಾಲ್ಮಿಯಾದಿಂದ ಫೆರಿ ಹೊರಟಾಗ ಗಿರಿಜಕ್ಕ ಮುಂದಿನ ಕಂಬಿ ಹಿಡಿದು ನಿಂತವಳು ದ್ವೀಪ ಬರುವವರೆಗೂ ಕೂರಲಿಲ್ಲ. ಇಳಿದು ಸ್ವಲ್ಪ ನಡೆದರೆ ಆ ಜಾಗ. ಸೊಂಟದೆತ್ತರದ ಕಲ್ಲುಗೋಡೆಗಳು, ಕಂಬ ಕಳೆದುಕೊಂಡ ಎರಡು ಪೀಠ, ನಾಲ್ಕು ಮೆಟ್ಟಿಲು, ಸುತ್ತ ತಂತಿಬೇಲಿ, ಒಳಗೆ ಹೋಗಲು ಒಂದು ಗೇಟು. ನಾನು ಓದಿಕೊಂಡು ಬಂದದ್ದನ್ನೆಲ್ಲ ಒಪ್ಪಿಸಿದೆ. ಅವಳು ಕೊನೆಯವರೆಗೂ ಕೇಳಿ, “ಇದನ್ನು ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ ಮಾರಾಯ್ತಿ? ನಮ್ಮಲ್ಲಿ ಬಂದ್ ಆದ ಹಂಚಿನ ಕಾರ್ಖಾನೆ ಇದಕ್ಕಿಂತ ದೊಡ್ಡದುಂಟು” ಎಂದಳು. ಅಂದವಳೇ ಬಗ್ಗಿ ಗುಡಿಯ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಯಾರ ದೇವರಾದ್ರೂ ದೇವರೇ ಅಲ್ವಾ.”

ಬುತ್ತಿ ಬಿಚ್ಚಿ ತಿಂದು, ಕೈ ತೊಳೆಯಲು ಹೊರಬಂದು ಬೇಲಿಯ ಪಕ್ಕದಿಂದ ನೀರಿಗೆ ಇಳಿದೆವು. ಅಲ್ಲೇ ಕೆಟ್ಟಿತು. ಇಳಿತ ಬಂದು ಕಡಲು ಬಹಳ ದೂರ ಸರಿದಿತ್ತು. ಒದ್ದೆ ಮರಳಿನ ಮೇಲೆ ಎಲ್ಲಿ ನೋಡಿದರೂ ಜೋಡಿ ತೂತುಗಳು. ಕರಾವಳಿಯಲ್ಲಿ ಹುಟ್ಟಿದವರಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ: ಕೆಳಗೆ ಮರುವಾಯಿ ಎಂಬ ಚಿಪ್ಪುಮೀನು ಇದೆ. ಚಿಪ್ಪಿನೊಳಗಿನ ಆ ಚಿಟಿಕೆ ಮಾಂಸಕ್ಕೆ ತೆಂಗಿನಕಾಯಿ ಹುರಿದು ಹಾಕಿ ಮಾಡುವ ಸುಕ್ಕ ನೆನಪಾದರೆ, ಅಲೆಕ್ಸಾಂಡರನೇ ಎದುರು ಬಂದು ನಿಂತರೂ ಸ್ವಲ್ಪ ಆಚೆ ಸರಿಯಪ್ಪಾ ಎನ್ನುವ ಜನ ನಾವು. ಗಿರಿಜಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬುತ್ತಿಯ ಚಮಚಗಳು ಹೊರಬಂದವು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಬ್ಬರೂ ಕುಕ್ಕರಗಾಲಲ್ಲಿ ಕೂತು ಅಗೆಯತೊಡಗಿದೆವು. ಅಗೆಯುತ್ತಾ ಅಗೆಯುತ್ತಾ ಬೇಲಿ ದಂಡೆಗಿಳಿದು ಮುಗಿಯುವಲ್ಲಿ ಒಳಗಿನ ಭಾಗಕ್ಕೇ ನುಗ್ಗಿದ್ದೆವು. ನಮಗೆ ಅದು ತಿಳಿದಿರಲಿಲ್ಲ, ಮರುವಾಯಿಗೇನು ಬೇಲಿಯೇ?

ಕಾವಲುಗಾರ ಅಬು ಸಾಲೆಂ ಕೂಗುತ್ತಾ ಓಡಿ ಬಂದ. ಗಡ್ಡ ನೆರೆತ, ಆ ದ್ವೀಪದಲ್ಲೇ ಹುಟ್ಟಿ ಬೆಳೆದ ಮನುಷ್ಯ. ಹಳೆಯ ಗುಡಿಯ ಪಕ್ಕದಲ್ಲಿ ಇಬ್ಬರು ಹೆಂಗಸರು ತಲೆ ತಗ್ಗಿಸಿ ನೆಲ ಅಗೆಯುತ್ತಾ ಏನನ್ನೋ ಚೀಲಕ್ಕೆ ತುಂಬುತ್ತಿದ್ದಾರೆಂದರೆ ಅವನಾದರೂ ಏನೆಂದುಕೊಳ್ಳಬೇಕು? ಚಿನ್ನದ ನಾಣ್ಯವೇ ಸಿಕ್ಕಿರಬೇಕು ಎಂದುಕೊಂಡ. ನಮ್ಮನ್ನು ಅವನ ಕೋಣೆಗೆ ಕರೆದೊಯ್ದು ಕೂರಿಸಿ ಚೀಲವನ್ನು ಮೇಜಿನ ಮೇಲೆ ಸುರಿದ. ಒಂದು ಮರುವಾಯಿ ಬಾಯಿ ತೆರೆದು ಅವನ ತೋಳಿಗೆ ಚಿಳ್ಳೆಂದು ನೀರು ಹಾರಿಸಿತು. ಅವನು ಒಂದೊಂದನ್ನೇ ಮಗುಚಿ ನೋಡಿದ. ಗಿರಿಜಕ್ಕ ತನ್ನ ಅಡುಗೆಮನೆ ಅರಬ್ಬಿಯಲ್ಲಿ ಇದು ಊಟ, ಊಟ ಎಂದು ಬಾಯಿಗೆ ಕೈ ತೋರಿಸಿದಳು. ಅಬು ಸಾಲೆಂ ನಂಬಲಾರದೆ ಅವಳನ್ನು ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಅವನು ನಗುತ್ತಿರುವಾಗಲೇ ಫೆರಿಯ ಸೀಟಿ ಕೇಳಿಸಿತು. ನಾವು ಓಡಿದೆವು. ದಡ ಮುಟ್ಟಿದಾಗ ಫೆರಿ ಹೊರಟು ನಡುನೀರಿನಲ್ಲಿತ್ತು. ಬಾಂಗಿನ ಮೊದಲು ಮುಟ್ಟಿಸುವ ಫೆರಿ ಅದೊಂದೇ ಇದ್ದದ್ದು.

ಗಿರಿಜಕ್ಕ ಅಳಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು, “ಮಗಳ ಓದು ಮುಗೀತು ಇನ್ನು” ಎಂದಳು. ಹಿಂದೆಯೇ ಬಂದಿದ್ದ ಅಬು ಸಾಲೆಂ ಏನಾಯಿತೆಂದು ಕೇಳಿದ. “ಮೇಡಂ, ಮಗ್ರಿಬ್, ಖಲಾಸ್” ಎಂದು ನಾನು ಹೇಳಿದ ಮೂರು ಶಬ್ದ ಅವನಿಗೆ ಸಾಕಾಯಿತು. “ಯಲ್ಲಾ, ನಡೆಯಿರಿ” ಎಂದವನೇ ತನ್ನ ದಾಯಾದಿಯ ಮೀನಿನ ದೋಣಿ ಹೊರಡಿಸಿದ. ತಾನೂ ಹತ್ತಿ ಕೂತ. ಸಾಲ್ಮಿಯಾದಲ್ಲಿ ಪರಿಚಯದವನ ಪಿಕಪ್ಪು ಹಿಡಿದು ಸಲ್ವಾ ಮುಟ್ಟುವಾಗ ಬಾಂಗು ಆಗಿಹೋಗಿತ್ತು. ಮೇಡಂ ಬಾಗಿಲಲ್ಲೇ ಇದ್ದರು. ಅವರು ಬಾಯಿ ತೆರೆಯುವ ಮೊದಲೇ ಅಬು ಸಾಲೆಂ ಎದೆಯ ಮೇಲೆ ಕೈಯಿಟ್ಟು, ಈ ಹೆಣ್ಣುಮಕ್ಕಳು ಹೊತ್ತಿಗೆ ಸರಿಯಾಗಿ ಹೊರಟಿದ್ದರು, ಸುಮ್ಮಸುಮ್ಮನೆ ಅನುಮಾನಪಟ್ಟು ತಡೆದವನು ನಾನು, ತಪ್ಪು ನನ್ನದು ಎಂದ. ಬೇಲಿಯ ಸುದ್ದಿ ಇಲ್ಲ, ಅಗೆದ ಸುದ್ದಿಯೂ ಇಲ್ಲ. ಅಷ್ಟು ವಯಸ್ಸಾದವನು ಅಷ್ಟು ದೂರದಿಂದ ತಪ್ಪೊಪ್ಪಿಕೊಳ್ಳಲು ಬಂದಿರುವಾಗ ಮೇಡಂ ಏನು ಹೇಳಿಯಾರು? ಚಹಾ ತರಲು ಗಿರಿಜಕ್ಕನನ್ನೇ ಒಳಗೆ ಕಳಿಸಿದರು. ಕೆಲಸ ಉಳಿಯಿತು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಾನಿದ್ದ ಮನೆಯವರು ರಜೆಗೆಂದು ಊರಿಗೆ ಹೋಗಿದ್ದರು, ಫ್ಲಾಟಿನಲ್ಲಿ ನಾನೊಬ್ಬಳೇ. ಕೆಳಗೆ ಬೂಟಿನ ಸದ್ದಾದರೆ ಮಂಚದಡಿ ಸೇರುತ್ತಿದ್ದೆ. ಅಕ್ಕಿ ಮುಗಿದ ಮೇಲೆ ಧೈರ್ಯ ಮಾಡಿ ಬಟ್ಟೆಯ ಚೀಲ ಹಿಡಿದು ಸಲ್ವಾಕ್ಕೆ ನಡೆದೇ ಹೋದೆ. ಗಿರಿಜಕ್ಕನ ಮೇಡಂ ಮನೆಯವರೂ ಬೇಸಿಗೆಗೆ ಹೊರದೇಶದಲ್ಲಿದ್ದರು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಗೇಟಿನಲ್ಲಿ ನಿಂತಿದ್ದಳು. ನಾನು ಹೊರಗೇ ನಿಂತೆ. ನನ್ನನ್ನು ಒಳಗೆ ಬಿಟ್ಟದ್ದು ಆ ಮೇಡಂಗೆ ಗೊತ್ತಾದರೆ?

“ಮೇಡಂ ಫೋನ್ ಮಾಡಿದ್ರು” ಎಂದಳು ಗಿರಿಜಕ್ಕ. “ಯಾರಾದ್ರೂ ಕಷ್ಟ ಅಂತ ಬಂದ್ರೆ ಒಳಗೆ ಸೇರಿಸು ಅಂತ ಹೇಳಿದ್ದಾರೆ. ಬಾ.”

ಕೆಲವು ವಾರದ ಮೇಲೆ ಅಬು ಸಾಲೆಂ ಬಂದ. ಸೈನಿಕರು ದ್ವೀಪದ ಜನರನ್ನೆಲ್ಲ ಹೊರಗೆ ಹಾಕಿದ್ದರು. ಹೆಂಡತಿ, ವಿಧವೆ ಮಗಳು, ಮೂರು ಮೊಮ್ಮಕ್ಕಳು, ಎರಡು ಗಂಟು. ಯಜಮಾನರಿಲ್ಲದ ಮನೆಗೆ ಕಾಲಿಡುವುದು ಸರಿಯಲ್ಲವೆಂದು ಅವನೂ ಹಿಂಜರಿದ. ಅವನಿಗೂ ಅದೇ ಮಾತು: ಮೇಡಂ ಫೋನಿನಲ್ಲಿ ಹೇಳಿದ್ದಾರೆ. ಅವನು ಮೇಡಂಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡು ಒಳಗೆ ಬಂದ.

ಖಾಲಿ ಬಿದ್ದ ಮನೆಗಳ ಬಾಗಿಲು ಒಡೆದು ಸೈನಿಕರು ದೋಚುತ್ತಿದ್ದರು. ಕುವೈತಿಗಳು ಸಿಕ್ಕರೆ ಹಿಡಿದೊಯ್ಯುತ್ತಿದ್ದರು. ನಮ್ಮ ಗೇಟು ತಟ್ಟಿದಾಗಲೆಲ್ಲ ಹೋಗಿ ನಿಲ್ಲುತ್ತಿದ್ದವಳು ಗಿರಿಜಕ್ಕ. ಗಂಡ ಹೋದ ಮೇಲೆ ಬಿಟ್ಟಿದ್ದ ಕುಂಕುಮವನ್ನು ದೊಡ್ಡದಾಗಿ ಇಟ್ಟು, ಕೈಯಲ್ಲಿ ಸೌಟು ಹಿಡಿದು, “ಹಿಂದಿ, ಹಿಂದಿ, ಇಲ್ಲಿರುವುದು ನಾವು ಹಿಂದಿಗಳು ಮಾತ್ರ” ಎಂದು ಅರಬ್ಬಿಯಲ್ಲಿ ಜೋರು ಮಾಡುವಳು. ಅರಬ್ಬಿಯಲ್ಲಿ ಹಿಂದಿ ಎಂದರೆ ಭಾರತದವರು. ಒಳಗೆ ಅಬು ಸಾಲೆಂ ಮೊಮ್ಮಕ್ಕಳ ಬಾಯಿಗೆ ಖರ್ಜೂರ ತುರುಕಿ ಸುಮ್ಮನಿರಿಸುತ್ತಿದ್ದ. ನಾನು ಅವಳ ಹಿಂದೆ ನಿಂತು ನಡುಗುತ್ತಿದ್ದೆ. ಅದೂ ಒಂದು ಕೆಲಸವೇ ಎಂದು ಆಮೇಲೆ ಸಮಾಧಾನ ಮಾಡಿಕೊಂಡಿದ್ದೇನೆ.

ಊರಿಗೆ ಮರಳಲು ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸಿನಲ್ಲಿ ನನಗೂ ಗಿರಿಜಕ್ಕನಿಗೂ ಜಾಗ ಸಿಕ್ಕಿತು. ಗಿರಿಜಕ್ಕ ಬರಲಿಲ್ಲ. “ನಾನು ಬಂದ್ರೆ ಗೇಟಲ್ಲಿ ಯಾರು ನಿಲ್ಲುದು? ನೀನು ಹೋಗಿ ಮಗಳಿಗೆ ಹೇಳು, ಅಮ್ಮ ಚೆಂದ ಇದ್ದಾಳೆ, ಓದು ಬಿಡ್ಬೇಡ ಅಂತ” ಎಂದಳು. ಹೇಳಿದೆ. ಮರುವರ್ಷ ಯುದ್ಧ ಮುಗಿದು ಮೇಡಂ ಮರಳಿದಾಗ ಆ ಬೀದಿಯಲ್ಲಿ ಕಿಟಕಿ ಬಾಗಿಲು ನೆಟ್ಟಗಿದ್ದ ಮನೆ ಅದೊಂದೇ ಎಂದು ಕೇಳಿದೆ. ಗಿರಿಜಕ್ಕ ಮಗಳು ನರ್ಸ್ ಆಗುವವರೆಗೂ ಅಲ್ಲೇ ದುಡಿದಳು. ಈಗ ಉಡುಪಿಯಲ್ಲಿ ಮಗಳ ಜೊತೆ ಇದ್ದಾಳೆ.

ನಾನು ಈ ಕತೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ! ಪ್ರತಿ ಸಲವೂ ಕೊನೆಗೆ, ಆ ಮೇಡಂ ಫೋನಿನಲ್ಲಿ ಆ ಒಂದು ಮಾತು ಹೇಳದಿದ್ದರೆ ನಾನಿವತ್ತು ಇರುತ್ತಿರಲಿಲ್ಲ ಎಂದು ಕೈಮುಗಿದಿದ್ದೇನೆ. ಮೊನ್ನೆ ಚಿತ್ರ ನೋಡಿದ ಗುಂಗಿನಲ್ಲಿ ಗಿರಿಜಕ್ಕನಿಗೆ ಫೋನ್ ಮಾಡಿದಾಗಲೂ ಅದೇ ರಾಗ ಎಳೆದೆ.

“ಯಾವ ಫೋನು ಮಾರಾಯ್ತಿ?” ಎಂದಳು. “ಹೊರದೇಶದ ಲೈನು ಮೊದಲನೇ ದಿನವೇ ಕಟ್ ಆಗಿತ್ತಲ್ಲ.”

ಹೌದು, ಕಟ್ ಆಗಿತ್ತು. ಊರಿಗೆ ಫೋನ್ ಮಾಡಲು ಬೆರಳು ನೋಯುವಷ್ಟು ಡಯಲ್ ತಿರುಗಿಸಿ ಸೋತವಳು ನಾನೇ. ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಅದು ಹೊಳೆದಿರಲಿಲ್ಲ.

“ಮತ್ತೆ ಯಾಕೆ ಹಾಗೆ ಹೇಳಿದ್ದು ಅಕ್ಕ?”

“ಹೇಳದಿದ್ರೆ ನೀನು ಒಳಗೆ ಬರ್ತಿದ್ಯಾ? ಬಂದ್ರೂ ಹೆದರಿ ಹೆದರಿ ಅರ್ಧ ಹೊಟ್ಟೆ ಉಣ್ತಿದ್ದೆ. ಆ ಮುದುಕ ಸಹ ಹಾಗೆಯೇ. ಹೆದರಿಕೆ ಒಬ್ಬಳಿಗೆ ಇದ್ರೆ ಸಾಕಿತ್ತು.”

ಎರಡು ವರ್ಷದ ಓದು, ಕೆಲಸ, ಮಗಳು, ಎಲ್ಲವನ್ನೂ ಒಂದು ಗೇಟಿನ ಹೊರಗಿಟ್ಟು ಅವಳು ನಮ್ಮನ್ನು ಒಳಗೆ ಕರೆದಿದ್ದಳು. ನಾನು ಅವಳ ಅನ್ನ ಉಂಡು ಮೇಡಂಗೆ ಕೈಮುಗಿಯುತ್ತಿದ್ದೆ.

“ಮೇಡಂ ಬಂದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ” ಎಂದಳು ಗಿರಿಜಕ್ಕ. “ಬಟ್ಟೆ ಕಟ್ಟಿ ಇಟ್ಟೇ ಹೇಳಿದ್ದು. ಅವರು ಆ ಗಂಟನ್ನು ಎತ್ತಿ ಒಳಗೆ ಇಟ್ರು. ಮತ್ತೆ, ‘ನಾನು ಫೋನ್ ಮಾಡಿದ್ದೆ ಅಂತಲೇ ಇರಲಿ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳು’ ಅಂದ್ರು. ಅದಕ್ಕೇ ಇಷ್ಟು ವರ್ಷ ನಿನಗೂ ಹೇಳ್ಲಿಲ್ಲ. ಇನ್ನು ಮುಚ್ಚಿಟ್ಟು ಏನಾಗ್ಲಿಕ್ಕುಂಟು?”

“ನಾಳೆ ಬರ್ತೇನೆ ಅಕ್ಕ” ಎಂದೆ.

“ಬಾ. ಊಟಕ್ಕೇ ಬಾ.”