ಕಲ್ಲು ಕರಗುವ ಬಣ್ಣ

ಬೆಳಗಿನ ಐದೂವರೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಹಿಂದಿನ ಓಣಿಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಬೇರೆ ಸದ್ದಿಲ್ಲ. ಕಬ್ಬಿಣ ಎರಕ ಹೊಯ್ಯುವ ಶೆಡ್ಡಿನಲ್ಲಿ ಮಾತ್ರ ಕುಲುಮೆ ಆಗಲೇ ಮೊರೆಯುತ್ತಿದೆ. ಅದಕ್ಕೆ ಬೆನ್ನು ಹಾಕಿ ಕುಳಿತ ಗೂಳಪ್ಪ ಸುತ್ತಿಗೆಯಿಂದ ನಿನ್ನೆಯ ಕಿಟ್ಟ ಒಡೆಯುತ್ತಿದ್ದಾರೆ. ಕಬ್ಬಿಣ ಕರಗುವಾಗ ಮೇಲೆ ತೇಲಿ ಬರುವ ಕಲ್ಲಿನ ಕೊಳೆಯೇ ಕಿಟ್ಟ. ಹರಿಯುವಾಗ ಕುದಿಯುವ ಪಾಯಸದಂತಿರುತ್ತದೆ, ಆರಿದರೆ ಕರಿಗಾಜು. ಅದರೊಳಗೆ ಸಿಕ್ಕಿಕೊಂಡ ಕಬ್ಬಿಣದ ಚೂರು ಆರಿಸುವುದು ಅವರ ಈಗಿನ ಕೆಲಸ.

"ಬೆರಳಿಗೆ ಗೊತ್ತಾಗತೈತ್ರಿ. ಕಬ್ಬಿಣ ಇದ್ರ ಕೈ ಜಗ್ಗತೈತಿ. ಕಣ್ಣಿಂದೇನೂ ಕೆಲಸ ಇಲ್ಲ," ಎನ್ನುತ್ತಾರೆ.

ಒಂದು ತಿಂಗಳ ಹಿಂದಿನವರೆಗೂ ಅವರ ಕೆಲಸವೆಲ್ಲ ಕಣ್ಣಿನದೇ ಆಗಿತ್ತು.

ಗೂಳಪ್ಪನವರಿಗೆ ಐವತ್ನಾಲ್ಕು. ಹುನಗುಂದದ ಕಡೆಯಿಂದ ೧೯೮೩ರಲ್ಲಿ ಬಂದು ಇದೇ ಕುಲುಮೆಯ ಬಾಯಿಗೆ ನಿಂತವರು ಇಪ್ಪತ್ತಾರು ವರ್ಷ ಅಲ್ಲೇ ನಿಂತರು. ವಾರಕ್ಕೆ ಮೂರು ದಿನ ಬೆಂಕಿ, ದಿನಕ್ಕೆ ಎಂಬತ್ತು ಮ್ಯಾನ್‌ಹೋಲ್ ಮುಚ್ಚಳ. ವಿಜಯನಗರದಿಂದ ಕೆಂಗೇರಿವರೆಗೆ ನಾವು ತುಳಿದು ದಾಟುವ ಮುಚ್ಚಳಗಳಲ್ಲಿ ಎಷ್ಟೋ ಇಲ್ಲಿ ಹುಟ್ಟಿದವು. ತುಳಿದವರ್ಯಾರೂ ಬಗ್ಗಿ ನೋಡಿಲ್ಲ. ಮುಚ್ಚಳ ಕಳುವಾಗಿ ಕಾಲು ಮುರಿದರೆ ಆಗ ಊರೆಲ್ಲ ಬೊಬ್ಬೆ ಹೊಡೆಯುತ್ತದೆ.

ಕುಲುಮೆಯ ಬಾಯಿಗೆ ಮೆತ್ತಿದ ಮಣ್ಣನ್ನು ಯಾವಾಗ ಒಡೆದು ಕರಗಿದ ಕಬ್ಬಿಣ ಹರಿಯಬಿಡಬೇಕೆಂದು ಹೇಳುತ್ತಿದ್ದವರು ಅವರೇ. ಕೆಂಪು ಕಂಡರೆ ಬೆಂಕಿ ಸಾಲದು, ಹಳದಿಯಾದರೆ ಇನ್ನಷ್ಟು ಕಾಯಬೇಕು, ಬಿಳಿ ತಿರುಗಿದರೆ ಒಡೆಯಬೇಕು. "ಗೂಳಪ್ಪನ ಕಣ್ಣೇ ನಮ್ಮ ಮೀಟರು" ಎಂದು ಮಾಲೀಕ ಲಕ್ಷ್ಮೀಪತಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಬಲಗೈಯಲ್ಲಿ ಸಲಾಕೆ ಹಿಡಿದು ನಿಂತಾಗ ಮುಖದ ಎಡಭಾಗ ಬೆಂಕಿಗೆ ಒಡ್ಡಿಕೊಳ್ಳುತ್ತದೆ. ಹೀಗಾಗಿ ಅವರ ಎಡಗೆನ್ನೆ ಸುಟ್ಟ ಚರ್ಮದಂತೆ ಕಪ್ಪಾಗಿ ಸುಕ್ಕುಗಟ್ಟಿದೆ, ಬಲಗೆನ್ನೆ ಎಲ್ಲರಂತಿದೆ. ಎಡಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಅದನ್ನು ಹೆಂಡತಿ ಭಾಗವ್ವನಿಂದಲೂ ಮುಚ್ಚಿಟ್ಟಿದ್ದರು. ಬಲಗಣ್ಣು ಇದೆಯಲ್ಲ ಎಂಬ ಧೈರ್ಯ.

ಕಳೆದ ಆಗಸ್ಟ್‌ನಲ್ಲಿ ಮುಚ್ಚಳಗಳು ವಾಪಸು ಬರತೊಡಗಿದವು. ಮೈತುಂಬ ಮರಳು ಅಂಟಿಕೊಂಡು ಒರಟೊರಟು. ಕಬ್ಬಿಣಕ್ಕೆ ಮರಳು ಅಂಟದಿರಲೆಂದು ಮರಳಿನ ಅಚ್ಚಿಗೆ ಬಳಿಯುವ ಮಸಿಯನ್ನು ಸರಿಯಾಗಿ ಬಳಿದಿಲ್ಲವೆಂದು ಅಚ್ಚು ಮಾಡುವ ಯಲ್ಲಪ್ಪನ ಮೇಲೆ ಗೂಬೆ ಕೂರಿಸಲಾಯಿತು. ಯಲ್ಲಪ್ಪ ಗೂಳಪ್ಪನವರ ಊರ ಕಡೆಯವನು, ಅವರೇ ಕರೆತಂದು ಕೆಲಸಕ್ಕೆ ಹಚ್ಚಿದವನು. "ನಾನು ಎರಡು ಸಲ ಬಳದೀನಿ, ಅಣ್ಣಾ" ಎಂದು ಅವನು ಗೋಗರೆದರೂ ಗೂಳಪ್ಪನವರೇ ಎಲ್ಲರೆದುರು ಬೈದರು. ದಸರೆಯ ಹೊತ್ತಿಗೆ ಮಾಲೀಕರು ಅವನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿಬಿಟ್ಟರು.

ಭಾಗವ್ವ ಮೂಡಲಪಾಳ್ಯದ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ನವೆಂಬರ್‌ನಲ್ಲಿ ಅಲ್ಲಿನ ವಿಜ್ಞಾನದ ಟೀಚರ್ ಗಿರಿಜಾದೇವಿ ಹೊಸದಾಗಿ ಪತ್ತೆಯಾದ ಗ್ರಹವೊಂದರ ಪಾಠಕ್ಕೆ ತಯಾರಾಗುತ್ತಿದ್ದರು. ಕಲ್ಲು ಕರಗಿ ಹರಿಯುವುದನ್ನು ಮಕ್ಕಳಿಗೆ ಹೇಗೆ ಹೇಳುವುದೆಂದು ಅವರು ತಲೆ ಕೆರೆದುಕೊಳ್ಳುವುದನ್ನು ಕಂಡು ಭಾಗವ್ವ ಬಾಯಿ ಹಾಕಿದರು: "ನಮ್ಮ ಮನಿಯವ್ರು ದಿನಾ ಅದನ್ನ ನೋಡ್ತಾರ್ರಿ."

ಹೀಗೆ ಶಾಲೆಯ ಮೆಟ್ಟಿಲು ಹತ್ತದ ಗೂಳಪ್ಪ, ಊಟದ ಡಬ್ಬಿಯಲ್ಲಿ ಕಿಟ್ಟದ ತುಂಡು ಇಟ್ಟುಕೊಂಡು ಏಳನೇ ತರಗತಿಗೆ ಹೋದರು. ಗ್ರಹದ ಹೆಸರು ಕೊರೋ ೭ ಬಿ. "ಬಸ್ಸಿನ ನಂಬರ್ ಇದ್ದಂಗ ಐತಲ್ರಿ" ಎಂದು ಮಕ್ಕಳನ್ನು ನಗಿಸಿದರು. ಅದನ್ನು ಸೂಪರ್ ಭೂಮಿ ಎನ್ನುತ್ತಾರೆಂದು ಕೇಳಿ, "ಅಷ್ಟು ಸೂಪರ್ ಇದ್ರ ಇಷ್ಟೊತ್ತಿಗೆ ಸೈಟ್ ಮಾಡಿ ಮಾರಿರ್ತಿದ್ರು" ಎಂದರು.

"ಹಾಗಲ್ಲ, ಭೂಮಿಗಿಂತ ದಪ್ಪ ಅಂತ ಅಷ್ಟೇ ಅರ್ಥ," ಎಂದರು ಟೀಚರ್. ಅಡ್ಡಗಲದಲ್ಲಿ ಭೂಮಿಯ ಒಂದೂಮುಕ್ಕಾಲು ಪಟ್ಟು, ತೂಕದಲ್ಲಿ ಸುಮಾರು ಐದು ಪಟ್ಟು. ಇಲ್ಲಿ ಅರವತ್ತು ಕಿಲೋ ತೂಗುವ ಮನುಷ್ಯ ಅಲ್ಲಿ ನೂರು ಕಿಲೋ ತೂಗುತ್ತಾನೆ. ತನ್ನ ಸೂರ್ಯನಿಗೆ ಎಷ್ಟು ಹತ್ತಿರವೆಂದರೆ ಇಪ್ಪತ್ತು ಗಂಟೆಗೇ ಒಂದು ವರ್ಷ ಮುಗಿಯುತ್ತದೆ. ಹಗಲಿನ ಕಡೆ ಎರಡು ಸಾವಿರ ಡಿಗ್ರಿ ದಾಟುವ ಕಾವಿಗೆ ಕಲ್ಲು ಕರಗಿ ಕಡಲಾಗಿರಬಹುದು, ಆವಿಯಾದ ಕಲ್ಲು ತಣಿದು ಹರಳಿನ ಮಳೆಯಾಗಿ ಬೀಳಬಹುದು ಎಂಬುದು ವಿಜ್ಞಾನಿಗಳ ಅಂದಾಜು. ಅವರ ಪ್ರಕಾರ ಅದು ತನ್ನ ಸೂರ್ಯನಿಗೆ ಯಾವಾಗಲೂ ಒಂದೇ ಮುಖ ತೋರಿಸುತ್ತದೆ. ಇನ್ನೊಂದು ಬದಿಯಲ್ಲಿ ಕೊರೆಯುವ ಚಳಿ, ಬೆಳಗಾಗದ ಕತ್ತಲೆ.

"ಮಗ್ಗಲು ತಿರುಗೂದ ಇಲ್ಲೇನ್ರಿ ಅದು?"

"ಇಲ್ಲ."

"ಹಂಗಾರ ನನ್ನಂಗ," ಎಂದು ಎಡಗೆನ್ನೆ ಸವರಿಕೊಂಡರು. ಈ ಸಲ ಯಾರೂ ನಗಲಿಲ್ಲ.

ರಮ್ಯ ಎಂಬ ಹುಡುಗಿ ಗ್ರಹದ ಚಿತ್ರ ಬರೆದುಕೊಂಡು ಬಂದಿದ್ದಳು. ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕದ ಅಂಚಿಗೆ ಕೆಂಪು. ಗೂಳಪ್ಪ ಬಲಗಣ್ಣಿಗೆ ಹತ್ತಿರ ಹಿಡಿದು ನೋಡಿದರು. ಬೆಂಕಿಯ ವಿಷಯದಲ್ಲಿ ತಮಗಿಂತ ತಿಳಿದವರಿಲ್ಲವೆಂಬ ಠೀವಿಯಲ್ಲೇ ತಿದ್ದಿದರು.

"ನಡುವ ಹಳದಿ ಯಾಕ ಬಳದಿ, ತಂಗಿ? ತಪ್ಪು. ಅಷ್ಟು ಕಾವು ಇದ್ರ ಬೆಳ್ಳಗ ಇರಬೇಕು."

ಹುಡುಗಿ ಟೀಚರ್ ಮುಖ ನೋಡಿದಳು. "ಅಂಕಲ್, ಅದು ಬಿಳೀನೇ. ಅಲ್ಲಿ ನಾನು ಬಣ್ಣಾನೇ ಹಚ್ಚಿಲ್ಲ. ಹಾಳೆ ಹಾಗೇ ಬಿಟ್ಟಿದೀನಿ."

ಗೂಳಪ್ಪ ಹಾಳೆಯನ್ನು ಬಲಗಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದರು, ಆಗಲೂ ಹಳದಿಯೇ. ಈಚೆಗೆ ತಟ್ಟೆಯ ಅನ್ನವೂ ಹಳದಿ ಕಂಡು, ಅಕ್ಕಿಯೇ ಹಾಗಿರಬೇಕೆಂದು ಸುಮ್ಮನಿದ್ದರು. ಅನ್ನದಿಂದ ಮನಸ್ಸು ನೇರ ಕುಲುಮೆಗೆ ಹೋಯಿತು. ಅಲ್ಲಿಯೂ ಬಿಳಿ ತಿರುಗಿದ ಕಬ್ಬಿಣ ತಮಗೆ ಹಳದಿಯಾಗಿಯೇ ಕಂಡಿದೆ. ಇನ್ನೂ ಕಾಯಲಿ, ಇನ್ನೂ ಕಾಯಲಿ ಎಂದು ತಾವೇ ಮಿತಿಮೀರಿ ಕಾಯಿಸಿದ್ದಾರೆ. ಅಷ್ಟು ಕಾದ ಕಬ್ಬಿಣ ಎಂಥ ಅಚ್ಚಿನ ಮರಳನ್ನೂ ಕಚ್ಚಿಕೊಳ್ಳುತ್ತದೆ. ಯಲ್ಲಪ್ಪ ನಿಜವಾಗಿಯೂ ಎರಡು ಸಲ ಮಸಿ ಬಳಿದಿದ್ದ.

"ಡಬ್ಬಿ ಅಲ್ಲೇ ಬಿಟ್ಟು ಬಂದ್ರು. ಮನಿಗೆ ಬಂದು ಗ್ವಾಡಿ ಕಡೆ ಮುಖ ಮಾಡಿ ಅತ್ರು," ಎನ್ನುತ್ತಾರೆ ಭಾಗವ್ವ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರುದಿನ ಬೆಳಗ್ಗೆ ಬೆಂಕಿ ಹಚ್ಚುವ ಮೊದಲೇ ಗೂಳಪ್ಪ ಮಾಲೀಕರೆದುರು ಎಲ್ಲ ಹೇಳಿದರು. ಲಕ್ಷ್ಮೀಪತಿ ನಂಬಲಿಲ್ಲ. ಪಕ್ಕದ ಶೆಡ್ಡಿನಿಂದ ಶಾಖ ಅಳೆಯುವ ಮೀಟರ್ ತಂದು ನೋಡಿದಾಗ ಮಾತು ನಿಜವಾಗಿತ್ತು. ಅಂದೇ ಅವರನ್ನು ಕುಲುಮೆಯ ಬಾಯಿಂದ ಎಬ್ಬಿಸಿ ಕಿಟ್ಟದ ರಾಶಿಗೆ ಕೂರಿಸಿದರು.

ಯಲ್ಲಪ್ಪನನ್ನು ಕರೆಸಿ ಎಂದು ಗೂಳಪ್ಪ ಕೈಮುಗಿದರು. ಮೊಬೈಲ್ ಹೋಗುತ್ತಿಲ್ಲ. ಗೋವಿಂದರಾಜನಗರದ ರೂಮು ಖಾಲಿಯಾಗಿದೆ. ಊರಿಗೂ ಅವನು ಹೋಗಿಲ್ಲವಂತೆ. ಪ್ರತಿ ಭಾನುವಾರ ಗೂಳಪ್ಪ ಒಂದೊಂದು ಎರಕದ ಶೆಡ್ಡಿನ ಬಾಗಿಲಲ್ಲಿ ನಿಂತು ವಿಚಾರಿಸಿ ಬರುತ್ತಾರೆ. ಮುಖ ಕಾಣದು, ಅದಕ್ಕೆ ದನಿಗಾಗಿ ಕಿವಿಗೊಡುತ್ತಾರೆ.

ಎಡಗಣ್ಣು ಹೋದಂತೆಯೇ ಎಂದು ಡಾಕ್ಟರು ಹೇಳಿದ್ದಾರೆ. ಬಿಳಿಯನ್ನು ಹಳದಿ ತೋರಿಸಿದ್ದು ಬಲಗಣ್ಣಿಗೂ ಬಂದ ಪೊರೆಯಂತೆ, ಸಂಕ್ರಾಂತಿ ಕಳೆದ ಮೇಲೆ ಅದಕ್ಕೆ ಆಪರೇಷನ್. ಕಣ್ಣು ಬಂದರೂ ಕುಲುಮೆಯ ಮುಂದೆ ನಿಲ್ಲುವಂತಿಲ್ಲ. ಮತ್ತೇನು ಆಸೆ ಎಂದು ಕೇಳಿದರೆ ಅವರ ಸುತ್ತಿಗೆ ನಿಲ್ಲುತ್ತದೆ.

"ಆ ಚಿತ್ರ ಇಟ್ಟಿರು ತಂಗಿ ಅಂತ ಹೇಳಿ ಕಳಿಸೀನ್ರಿ. ಕಣ್ಣು ಬಿಚ್ಚಿದ ದಿವಸ ಹೋಗಿ ನೋಡಿ, ಬೆಳ್ಳಗೈತಿ, ನೀ ಮಾಡಿದ್ದು ಸರಿ ಅಂತ ಎಲ್ಲಾರ ಮುಂದ ಹೇಳಬೇಕು. ಯಲ್ಲಪ್ಪಗೂ ಹಂಗ ಹೇಳೂದಿತ್ತು. ಅವ ಸಿಗಲಿಲ್ಲ. ಆ ಹುಡುಗಿ ಆದ್ರೂ ಸಿಗತಾಳ."