ಮೇಷ್ಟ್ರ ಪಮೇರಿಯನ್

ತೊಂಬತ್ತರ ದಶಕದಲ್ಲಿ, ತ್ಯಾಗರಾಜನಗರದ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ಉತ್ತರ ಹೇಳುವ ಮುಂಚೆ ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸುತ್ತಿದ್ದರು. ಅವರ ಪಮೇರಿಯನ್ ನಾಯಿಯ ಬಾಯಿ ದೂರದಿಂದಲೇ ನಾರುತ್ತಿತ್ತು. ಅದು ಅನ್ನವನ್ನು ಒಂದೇ ದವಡೆಯಲ್ಲಿ ಅಗಿಯುತ್ತಿತ್ತು. ತಿಂದ ಬಟ್ಟಲಲ್ಲಿ ರಕ್ತದ ಎಳೆ ಉಳಿಯುತ್ತಿತ್ತು. ಡಾಕ್ಟರಿಗೆ ತೋರಿಸಿ ಎಂದು ಯಾರು ಹೇಳಿದರೂ ಅವರದು ಒಂದೇ ಮಾತು: "ನಾಯಿ ಬಾಯಿ ನಾರ್ದೆ ಇನ್ನೇನ್ರೀ, ಮಲ್ಲಿಗೆ ಥರ ಘಮ್ ಅನ್ನತ್ತಾ?"

ಒಂದು ಸಂಜೆ ಮುದ್ದಿಸಲು ಕೆನ್ನೆ ಹಿಡಿದಾಗ ನಾಯಿ ಅವರ ಕೈ ಕಚ್ಚಿತು. "ಹುಚ್ಚು ಹಿಡಿದಿದೆ ಇದಕ್ಕೆ!" ಎಂದು ಊರುಗೋಲಿನಿಂದ ಮೂತಿಗೇ ಬಾರಿಸಿದರು. ಹಿತ್ತಲಲ್ಲಿ ಕಟ್ಟಿಹಾಕಿ, ಕೊಲ್ಲಿಸಲೆಂದು ಡಾಕ್ಟರನ್ನು ಕರೆಸಿದರು.

ಡಾಕ್ಟರು ಮತ್ತಿನ ಚುಚ್ಚುಮದ್ದು ಕೊಟ್ಟು, ತುಟಿ ಎತ್ತಿ ತೋರಿಸಿದರು. ವಸಡು ಕೆಂಪಗೆ ಊದಿ ಕೀವಾಗಿತ್ತು, ಹಲ್ಲುಗಳು ಅಲ್ಲಾಡುತ್ತಿದ್ದವು.

"ಹುಚ್ಚಲ್ಲ ಸಾರ್, ನೋವು. ಮೊದ್ಲೇ ತೋರ್ಸಿದ್ರೆ ಕ್ಲೀನ್ ಮಾಡಿ ಹಲ್ಲು ಉಳಿಸ್ಬೋದಿತ್ತು. ಈಗ ಕೀಳ್ಲೇಬೇಕು."

ಮೇಷ್ಟ್ರು ಕನ್ನಡಕ ಒರೆಸುತ್ತಲೇ ನಿಂತರು.

ಹಲ್ಲು ಕಿತ್ತ ಮೇಲೆ ವಸಡು ಮಾಯಿತು. ಮೆತ್ತನೆಯ ಅನ್ನ ತಿಂದು ನಾಯಿ ದುಂಡಗಾಯಿತು, ನಮ್ಮೆಲ್ಲರ ಕೈಗೂ ಮೂತಿ ಒಡ್ಡಿತು. ಮೇಷ್ಟ್ರು ಮಾತ್ರ "ಬಾರೋ ರಾಜ" ಎಂದು ಎಷ್ಟು ಕರೆದರೂ ಅದು ಮಂಚದಡಿಯಿಂದ ಹೊರಬರುತ್ತಿರಲಿಲ್ಲ. ಅವರು ಎದ್ದು ಬೀದಿಗೆ ಹೋದ ಮೇಲಷ್ಟೇ ಬಂದು ಉಣ್ಣುತ್ತಿತ್ತು.