ಸಾಕು ಅಂದರೆ ಸಾಕು

ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಗಣಿತದ ಮೇಡಂ ಒಬ್ಬರಿದ್ದರು. "ಅವ್ರು ಹೇಳಿದ್ನೇ ನಾನು ಕೇಳ್ದೆ, ಅಷ್ಟೆ" ಎನ್ನುವುದು ಎಲ್ಲ ಜಗಳಕ್ಕೂ ಅವರ ಉತ್ತರ.

ಮೇಡಂನ ತಮ್ಮನ ಮದುವೆಯ ಬೀಗರೂಟದಲ್ಲಿ ಅವರೇ ಬಡಿಸಲು ನಿಂತರು. ನಮ್ಮ ಕಡೆ ಎರಡು ಸಲ "ಸಾಕು" ಅಂದು, ಮೂರನೆಯ ಸಲ ಬಲವಂತಕ್ಕೆ ಹಾಕಿಸಿಕೊಳ್ಳುವುದೇ ಮರ್ಯಾದೆ. ಹುಡುಗಿಯ ಸೋದರಮಾವ ಎಲೆಗೆ ಕೈ ಅಡ್ಡ ಹಿಡಿದು "ಸಾಕು ಕಣವ್ವ" ಅಂದ. ಮೇಡಂ ಮಟನ್ ಬಕೆಟ್ಟು ಎತ್ತಿಕೊಂಡು ಪಕ್ಕದ ಎಲೆಗೆ ಹೋದರು. ಎರಡೇ ತುಂಡಿಗೆ ಊಟ ಮುಗಿಸಿ ಎದ್ದವನು "ಏನ್ ಕೊಬ್ಬು ನೋಡ್ಲಾ ಆ ಎಂಗ್ಸಿಗೆ!" ಎಂದು ಊರೆಲ್ಲ ಸಾರಿದ.

ನಲವತ್ತೆರಡನೆಯ ವಯಸ್ಸಿನಲ್ಲಿ ಮೇಡಂ ತಾವೇ ಮೈಸೂರಿನ ಡಾಕ್ಟರ ಬಳಿ ಹೋಗಿ, ಆಟಿಸಂ ಎಂದು ಬರೆಸಿಕೊಂಡು ಬಂದರು.

"ಅದು ಮಕ್ಕಳಿಗಲ್ವಾ ಬರೋದು?" ಎಂದೆ.

"ನಾನೂ ಮಗುವಾಗಿದ್ನಲ್ಲ. ಯಾರೂ ನೋಡ್ಲಿಲ್ಲ." ಕಾಗದವನ್ನು ನಾಲ್ಕು ಮಡಿಕೆ ಮಡಚಿ ಮೆಲ್ಲಗೆ ಹೇಳಿದರು: "ಕೊಬ್ಬಲ್ವಂತೆ ಕಣಮ್ಮ."

ಸುದ್ದಿ ಸೋದರಮಾವನಿಗೂ ಮುಟ್ಟಿತು. ಮರುವರ್ಷ ತಮ್ಮನ ಮಗುವಿನ ಮುಡಿ ತೆಗೆಸಿದ ಊಟ. ಬಕೆಟ್ಟು ಹಿಡಿದ ಮೇಡಂ ಇನ್ನೂ ನಾಲ್ಕು ಎಲೆ ದೂರದಲ್ಲಿದ್ದಾಗಲೇ ಅವನು ಪಂಕ್ತಿಯಲ್ಲಿ ಎದ್ದು ನಿಂತು ಕೂಗಿದ: "ಬೇಕು ಕಣವ್ವ! ನಂಗೆ ಬೇಕು! ಎರಡು ಸೌಟು!"

ಡಾಕ್ಟರ ಬಳಿ ಹೋದವರು ಮೇಡಂ. ವಾಸಿಯಾದವನು ಅವನು.